ಅರ್ಜಿದಾರಳು

ಮಾನ್ವಿ ತಹಸೀಲಿನ ಬೇವಿನ ಬುಡದಲ್ಲಿ
ಇಪ್ಪತ್ತೆರಡು ವರ್ಷದಿಂದ
ಮಂದಿಯ ‘ನಾನು’ ಬರೆಯುವುದೇ ನನ್ನ ದಂಧೆ.
ಪುಟಕ್ಕೆ ಐವತ್ತು. ಸ್ಟ್ಯಾಂಪು ಬೇರೆ.
ಟೈಪ್ ಮಷೀನಿನ ‘ಳ’ ಸವೆದು ಹೋಗಿದೆ,
ಹೆಂಗಸರು ಯಾವತ್ತೂ
ಕೊನೆಗೆ ಮಸುಕಾಗಿಯೇ ಮೂಡುತ್ತಾರೆ.

ಹುಸೇನಮ್ಮ ಬಂದು ಕುಂತು ಹೇಳಿದಳು:
‘ಮೈದುನ ಬಾಗಲಿಗೆ ಕೀಲಿ ಜಡದಾನ್ರಿ.
ನಾ ಕಲ್ಲಿಲೆ ಕೀಲಿ ಒಡದು
ಒಳಗ ಹೋಗಿ, ಒಲಿ ಹಚ್ಚಿ,
ಚಾ ಮಾಡ್ಕೊಂಡು ಕುಡದೆ.
ಆಂವ ಅಂಗಳದಾಗ ನಿಂತು ನೋಡಿದ.
ಸಕ್ರಿ ಕಮ್ಮಿ ಆಗಿತ್ತು.’

ನಾನು ಬಡಿದೆ:
ಮೇಲ್ಕಂಡ ಅರ್ಜಿದಾರಳಾದ ನಾನು
ದಿಕ್ಕಿಲ್ಲದ ವಿಧವೆ, ಅಬಲೆ,
ಬೀದಿಪಾಲಾಗಿ ಹಗಲಿರುಳು ಕಣ್ಣೀರಿಡುತ್ತಾ...
ಒಡೆದ ಕೀಲಿ ಕೇಸಾದೀತೆಂದು ಬಿಟ್ಟೆ.
ಚಹಾಕ್ಕೆ ಅರ್ಜಿಯಲ್ಲಿ ಜಾಗವಿರಲಿಲ್ಲ.
ಮೈದುನನ ಕೈ ಖಾಲಿಯಿತ್ತು,
ಒಂದು ಕುಡುಗೋಲು ಕೊಟ್ಟೆ.

ಓದಿ ಹೇಳಿದೆ.
ಸೆರಗಿನ ತುದಿ ಕಚ್ಚಿಕೊಂಡು ಕೇಳಿದಳು.
‘ಪಾಪ, ಯಾರ್ರೀ ಈಕಿ?
ಇಷ್ಟು ಅಳ್ತಾಳಲ್ಲ!
ನಮ್ಮೂರಾಕಿ ಅಲ್ಲ ಬಿಡ್ರಿ.’
‘ಸಾಹೇಬ್ರಿಗೆ ಇಂಥಾಕಿನ ಬೇಕವಾ’ ಅಂದೆ.
ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಒತ್ತಿದಳು,
ಯಾವಳೋ ಪರಸ್ಥಳದವಳಿಗೆ
ಜಾಮೀನು ನಿಂತಂತೆ.

ರಾತ್ರಿ ನನ್ನ ಹೆಂಡತಿ
ಸಿರವಾರದ ತಂಗಿಗೆ ಫೋನಿನಲ್ಲಿ:
‘ನಮ್ಮ ಮನ್ಯಾವರಾ? ಬಾಳ ಸಾದಾ ಮನಷ್ಯಾ ಅವಾ.
ಬಾಯಿಲ್ಲ. ಒಂದು ಸುಳ್ಳು ಸೈತ ಗೊತ್ತಿಲ್ಲ.’

ರೊಟ್ಟಿ ಮುರಿಯುತ್ತ ಕೇಳಿದೆ.
ಆ ಮನುಷ್ಯ ಒಳ್ಳೆಯವನಿರಬೇಕು,
ಎಲ್ಲಾದರೂ ಸಿಕ್ಕರೆ
ಮಾತಾಡಿಸಬಹುದು ಅನ್ನಿಸಿತು.
ತಿದ್ದಲು ಹೋಗಲಿಲ್ಲ.

ಸಕ್ಕರೆ ಎಷ್ಟು ಕಮ್ಮಿಯಾಗಿತ್ತೆಂದು
ಹುಸೇನಮ್ಮನನ್ನು ಕೇಳಬೇಕಿತ್ತು.