ಕರಿ ವಾಯರು

ಕುಡ್ತರಿಯ ಈ ಮನಿಗೆ ಬಾಗಲಾ ಒಂದು,
ಮೀಟರು ಮೂರು, ಬೋರ್ಡು ನಾಕು.
ನಾಕನೇದು ಯಾರದು ಅಂತ ಯಾರಿಗೂ ಗೊತ್ತಿಲ್ಲ.

"ಎಲ್ಲಾ ಕೂಡಿಸಿ ಒಂದು ಮಾಡು, ವಾಯರಮನ್,"
ಎಸ್ಪೆರಾನ್ಸಾಬಾಯಿ ಅಂದ್ರು,
"ಮೂರು ಹೆಸರಿನ ಬಿಲ್ಲು ತುಂಬಿ ತುಂಬಿ ಸಾಕಾತು."
ಅದರಾಗ ಎರಡು ಹೆಸರು ಇಗರ್ಜಿ ಹಿಂದ
ಕಲ್ಲಿನ ಮ್ಯಾಲೂ ಅದಾವು.

ಎಡಕ್ಕ ದೊಡ್ಡಣ್ಣ ಕಾಯೆತಾನಂದು:
ಸಾಗವಾನಿ ಹಲಗಿ, ಪಿಂಗಾಣಿ ಫ್ಯೂಜು,
ಸುಟ್ಟಾಗೊಮ್ಮೆ ಸುತ್ತಿದ ತಂತಿ ಈಗ ಕಿರಿಬೆರಳಷ್ಟು ದಪ್ಪ.
ಆ ಖೋಲ್ಯಾಗ ಹೊಲಿಗಿ ಕ್ಲಾಸು ನಡೀತಿತ್ತಂತ, ಹನ್ನೊಂದು ಮಶಿನ್ನು.
ಬಲಕ್ಕ ಇನಾಸಿಯೊಂದು: ಕಬ್ಬಿಣದ ಡಬ್ಬಿ, ಅದಕ್ಕ ಕೀಲಿ.
ಹಡಗದ ಎಂಜಿನ್ ರೂಮಿನ್ಯಾಗ ದುಡದವ,
ಒಂದೊಂದು ವಾಯರಿಗೂ ಹಿತ್ತಾಳಿ ಬಿಲ್ಲೆ, ಬಿಲ್ಲೆ ಮ್ಯಾಲೆ ಕೊರೆದ ಹೆಸರು:
ಪಂಪು, ಮುಂದಿನ ಪಡಸಾಲಿ, ಫ್ರಿಜ್ಜು.
ಒಂದು ಬಿಲ್ಲೆ ಮಾತ್ರ ಖಾಲಿ.
ಹಿಂದ ಅಡಗಿಮನ್ಯಾಗ ಬಾಯೀದು,
ನೀರು ಕುಡದ ಗ್ವಾಡಿ, ಎರಡು ಪಾಯಿಂಟು, ಅಷ್ಟ.
ನಾಕನೇದು ಮೆಟ್ಟಿಲ ತಿರುವಿನ್ಯಾಗ, ದೇವರ ಕಪಾಟಿನ ಬೆನ್ನಿಗೆ:
ಅಂಗೈಯಷ್ಟು ಹಲಗಿ, ಒಂದು ಕೆಂಪು, ಒಂದು ಕರಿ,
ಹೊರಗ ಒಂದ ಒಂದು ಸಣ್ಣ ಬಲ್ಬು, ಹಗಲೂ ರಾತ್ರಿ.

ಇನಾಸಿಯೊನ ಮೇನು ಇಳಿಸಿದೆ.
ಬಲ್ಬು ಆರಿತು. ಸರಿ, ಇದು ಇವಂದು ಅಂದ್ಕೊಂಡು
ಖಾಲಿ ಬಿಲ್ಲೆಯ ಕರಿ ವಾಯರು ಬಿಚ್ಚಿ ಹಿಡದೆ.

ಒದೀತು.

ಏಣಿ ಮ್ಯಾಲಿಂದ ಬಿದ್ದ ಹೋಗ್ತಿದ್ದೆ, ಗ್ಯಾನಪ್ಪ ಕಾಲು ಹಿಡದ.
ಕರಿ ವಾಯರು ಸತ್ತ ವಾಯರು ಅಂತ
ಹುನಗುಂದದಾಗ ಕೆಲಸ ಕಲಿಸಿದಾವ ಹೇಳಿದ್ದ.
ಸುಳ್ಳು. ಅತ್ತಕಡೆ ಏನ ಹಿಡಕೊಂಡೈತಿ ಅಂತ ತಿಳಿಯೂತನಕ
ಯಾವ ವಾಯರೂ ಸತ್ತಂಗಲ್ಲ.

ತಿರುಗಿ ಕಟ್ಟಿ, ಕಾಯೆತಾನಂದು ಇಳಿಸಿ ನೋಡಿದೆ.
ಅದಕ್ಕೂ ಆರ್ತೈತಿ!
ಕೆಂಪು ಬರೂದು ಅಣ್ಣನ ಫ್ಯೂಜಿನಿಂದ,
ಕರಿ ತಿರುಗಿ ಹೋಗೂದು ತಮ್ಮನ ಡಬ್ಬಿಗೆ,
ನಡುವ, ಮಾತು ಬಿಟ್ಟ ವರ್ಷ ಕಟ್ಟಿದ ಒಂಬತ್ತಿಂಚಿನ ಗ್ವಾಡಿ,
ಗ್ವಾಡ್ಯಾಗ ಪೆನ್ಸಿಲ್ಲು ತೂರುವಷ್ಟು ತೂತು.

"ನಿಮಗ ಗೊತ್ತಿತ್ತೇನು?" ಅಂದೆ.
ಬಾಯಿ ಕೊಂಕಣ್ಯಾಗ ಏನೋ ಅಂದು ಒಳಗ ಹೋದ್ರು.
ಚಹಾ ತಂದ್ರು, ನನ್ನ ಕೈ ತಿರುವಿ ನೋಡಿದ್ರು,
ಆಮ್ಯಾಲ ಆ ಬಿಲ್ಲೆ ಕೇಳಿದ್ರು.

ಹೊಸ ಬೋರ್ಡು ಬಿಳೀದು, ಹನ್ನೆರಡು ಸ್ವಿಚ್ಚು.
ತನ್ನಿಂದ ಹೋದದ್ದು ತನಗ ತಿರುಗಿ ಬರದಿದ್ರ
ಕಣ್ಣು ಪಿಳಕಿಸೂದ್ರಾಗ ಬೀಳ್ತೈತಿ,
ಕೈಗಡ ಅನ್ನೂದು ಅದಕ್ಕ ತಿಳಿಯಂಗಿಲ್ಲ.
ಹಂಗಾಗಿ ಬಲ್ಬಿಗೆ ಹೊಸ ಕರಿ ಎಳದೆ.
ಹಳೇದು ಗ್ವಾಡ್ಯಾಗ ಐತಿ, ಎರಡೂ ತುದಿಗೆ ಟೇಪು ಸುತ್ತೀನಿ.
ಮಂಗಳವಾರ ಇಲಾಖೆಯವ್ರು ಬಂದು
ಎರಡು ಮೀಟರು ಕಿತ್ತಕೊಂಡು ಹೋಗ್ತಾರ.

ಏಳನೇ ಸ್ವಿಚ್ಚಿನ ಬಾಜೂಕ
"ದೇವರ ದೀಪ, ಹುಷಾರ್" ಅಂತ ಬರದೆ, ಕನ್ನಡದಾಗ.
ಬಾಯಿಗೆ ಓದಾಕ ಬರಂಗಿಲ್ಲ.
ಮುಂದ ಬರೂ ವಾಯರಮನ್ ಓದ್ತಾನ,
ಅವನೂ ನಮ್ಮ ಕಡೆಯವನ ಇರ್ತಾನ.