ಅರ್ಧ ಟಿಕೆಟ್

ದೊಡ್ಡಹಬ್ಬಕ್ಕೆ ಇನ್ನು ಮೂರು ದಿನ.
ಮಧ್ಯಾಹ್ನದ ಇಳಿತ. ಅಘನಾಶಿನಿ
ಇದ್ದಬದ್ದ ನೀರನ್ನೆಲ್ಲ ಕಡಲಿಗೆ ಕೈಸಾಲ ಕೊಟ್ಟು
ತಳ ತೋರಿಸಿಕೊಂಡು ಕೂತಿದೆ.

ನಾವು ಒಂಬತ್ತು ಜನ. ದೋಣಿ ಇಳಿದದ್ದೇ
ಕೆಸರು ಮೊಣಕಾಲಿನ ತನಕ ನುಂಗಿತು,
ಕಾಲು ವಾಪಸು ಕೊಟ್ಟಿತು, ಚಪ್ಪಲಿ ಕೊಡಲಿಲ್ಲ.
ಕಾಲೇಜಿನ ಹುಡುಗಿಯರು ಕಿರುಚಿ, ನಕ್ಕು,
ಒಬ್ಬರನ್ನೊಬ್ಬರು ಹಿಡಿದು ನಿಂತರು.
ಪ್ರಮೀಳಾ ಬಾಡ್ಕರ್ ಮೇಡಂ ನನ್ನ ಕೈಗೆ
ರಟ್ಟಿಗೆ ಸಿಕ್ಕಿಸಿದ ಹಾಳೆ, ದಾರ ಕಟ್ಟಿದ ಪೆನ್ನು ಕೊಟ್ಟು
"ಎಣಿಸೋದು ನೀವೇ, ಬೊಮ್ಮಯ್ಯಣ್ಣ" ಅಂದರು.

ಅದೂ ಸರಿಯೇ.
ಮೂವತ್ತೊಂದು ವರ್ಷ ಕುಮಟಾ ಡಿಪೋದಲ್ಲಿ
ತಲೆ ಎಣಿಸಿದವ ನಾನು.
ದೇವಿಮನೆ ಘಟ್ಟದ ತಿರುವುಗಳಲ್ಲಿ
ಕಂಬಿಗೆ ಬೆನ್ನು ಕೊಟ್ಟು, ಬೆರಳ ಸಂದಿಗೆ ನೋಟು ಮಡಚಿ,
ನಿದ್ದೆ ಹೋದವರನ್ನೂ ನಿದ್ದೆ ನಟಿಸಿದವರನ್ನೂ
ಬೇರೆ ಬೇರೆ ಗುರುತು ಹಿಡಿದವ.

ಹೋದ ವರ್ಷ ಶ್ರಾವಣದಲ್ಲಿ ನೆಟ್ಟದ್ದು
ಎರಡು ಸಾವಿರದ ನಲವತ್ತು.
ನುಗ್ಗೆಕಾಯಿಯಂಥ ಉದ್ದ ಕೋಡುಗಳು.
ಕಾಂಡ್ಲ ತನ್ನ ಬೀಜವನ್ನು ಸುಮ್ಮನೆ ಉದುರಿಸುವುದಿಲ್ಲ,
ಕೊಂಬೆಯಲ್ಲೇ ಮೊಳೆಸಿ, ಬೆಳೆಸಿ,
ನಿಲ್ಲುವ ತಾಕತ್ತು ಬಂದ ಮೇಲೇ ಕೈಬಿಡುತ್ತದೆ.
ಸಾಹೇಬರು ಬರಲಿಲ್ಲ, ಫೋಟೊದವ ಬಂದಿದ್ದ.
ಸಾಲು ಹಿಡಿದು ಚುಚ್ಚಿದ್ದೆವು, ಬಸ್ಸಿನ ಸೀಟಿನ ಹಾಗೆ,
ಎರಡೆರಡು ಮೊಳಕ್ಕೊಂದು.

ಈಗ ಸಾಲಿಲ್ಲ.
ಇಲ್ಲೊಂದು, ಅಲ್ಲೊಂದು, ಆಮೇಲೆ ಬರೀ ಕೆಸರು.
ಒಂದು ಕೈ ಮಾತ್ರ ದೊಡ್ಡದಾದ ಏಡಿಗಳು
ಬಾ ಬಾ ಅನ್ನುತ್ತವೆ, ಹೋದರೆ ಬಾಗಿಲು ಹಾಕುತ್ತವೆ.
ಹಿಮದ ಊರಿಂದ ನಿನ್ನೆಯೋ ಮೊನ್ನೆಯೋ ಬಂದಿಳಿದ ಉಲ್ಲಂಕಿಗಳು
ಬಾಲ ಕುಣಿಸುತ್ತ
ನಮ್ಮ ಹೆಜ್ಜೆಗುಂಡಿಗಳನ್ನು ತಪಾಸಣೆ ಮಾಡುತ್ತವೆ.
ಗಜನಿಯ ಆಚೆ ಕಗ್ಗ ಕೊಯ್ಯುವವರ ಮಾತು
ನೀರ ಮೇಲೆ ಜಾರಿ ಅರ್ಧಂಬರ್ಧ ಬರುತ್ತದೆ.
ಹದಿನೇಳು. ಹದಿನೆಂಟು.
ಹತ್ತೊಂಬತ್ತನೆಯದರ ಕುತ್ತಿಗೆಗೆ ಹಸಿರು ನೈಲಾನ್ ಬಲೆ.
ತಸ್ಮಿಯಾ ಬಗ್ಗಿ ಹಲ್ಲಿನಿಂದ ಕಚ್ಚಿ ಬಿಡಿಸಿದಳು,
ಥೂ ಉಪ್ಪು ಎಂದು ಉಗಿದಳು.

ಬಳಚು ಹೆಕ್ಕುತ್ತಿದ್ದ ಪುತಳಿ ಅಂಬಿಗ
ಬುಟ್ಟಿ ಸೊಂಟಕ್ಕೆ ಒತ್ತಿ ಬಂದು ನಿಂತಳು.
"ಯಾರ ಹತ್ರ ಕೇಳಿ ನೆಟ್ರಿ?
ಇದು ಬಳಚಿನ ಮನೆ. ಇಲ್ಲಿ ಬೇರು ಇಳಿದ್ರೆ
ನಾ ಎಂತ ತಿಂಬೂದು, ಎಲೆಯಾ?"
ಮೇಡಂ ಏನೋ ಹೇಳಹೋದರು, ಬಿಟ್ಟರು.
ಪುತಳಿ ಗದ್ದ ಎತ್ತಿ ತೋರಿಸಿದಳು.
ಕಟ್ಟೆಯ ಮಗ್ಗುಲಿಗೆ, ಹೊಳೆ ಮಣ್ಣು ಕಡಿಯುವಲ್ಲಿ,
ಯಾರೂ ನೆಡದ ಕಡೆ,
ತೇಲಿ ಹೋಗಿ ತಾವೇ ಕಾಲೂರಿದ ಒಂದಿಪ್ಪತ್ತು ಸಸಿ
ಹಬ್ಬಕ್ಕೆ ಮೊದಲೇ ಎಣ್ಣೆ ಹಚ್ಚಿಕೊಂಡಂಥ ಎಲೆಗಳಲ್ಲಿ ನಿಂತಿದ್ದವು.
ಟಿಕೆಟ್ ತೆಗೆದ ಊರು ಬಿಟ್ಟು
ಬೇರೆಲ್ಲೋ ಇಳಿದು ಬಾಳಿಕೊಂಡವರು.
ನನ್ನ ಹಾಳೆಯಲ್ಲಿ ಅವಕ್ಕೆ ಕಾಲಮ್ಮಿಲ್ಲ.

ಮರಳಿ ಎಣಿಸಿದೆ. ಅರವತ್ತೊಂದು.
ಅಷ್ಟರಲ್ಲಿ ಭರತಿ. ನಾವು ತುಳಿದ ಕುಳಿಗಳು
ಒಂದೊಂದಾಗಿ ತುಂಬಿ, ನಾವು ಬಂದೇ ಇಲ್ಲ ಎಂಬಂತೆ
ಮುಚ್ಚಿಕೊಳ್ಳುತ್ತಿದ್ದವು.
ಆಗ ಕಂಡಿತು, ಎಲ್ಲದರ ತುದಿಯಲ್ಲಿ
ಒಂದೂ ಎಲೆಯಿಲ್ಲದ, ಕಲ್ವ ಮೆತ್ತಿದ ಬರೀ ಕಡ್ಡಿ.
ಉಗುರಿನಿಂದ ಚೂರೇ ಕೆರೆದೆ.
ಒಳಗೆ ಹಸಿರು.

ಅರವತ್ತೊಂದೂವರೆ, ಅಂತ ಬರೆದೆ.
"ಅರ್ಧ ಅಂದ್ರೆ ಏನು, ಬೊಮ್ಮಯ್ಯಣ್ಣ?"
ಅದಕ್ಕಿನ್ನೂ ಸೀಟು ಬೇಕಿಲ್ಲ ಮೇಡಂ,
ಯಾರದೋ ತೊಡೆ ಮೇಲೆ ಕೂತು ಬರ್ತದೆ.
ಆದ್ರೆ ಬಸ್ಸಲ್ಲಿದೆ.

ದೋಣಿಗೆ ಪುತಳಿಯೂ ಹತ್ತಿದಳು, ಬುಟ್ಟಿ ನಮ್ಮ ನಡುವೆ.
ಒಂಬತ್ತು ಜನ ಬಂದಿದ್ದೆವು;
ರೂಢಿ ಬಿಡದೆ ತಲೆ ಎಣಿಸಿದರೆ ಹತ್ತು.
ಬರುವ ಶ್ರಾವಣಕ್ಕೆ ಎಲ್ಲಿ ನೆಡೋದು ಅಂತ
ತಸ್ಮಿಯಾ ಮೆಲ್ಲಗೆ ಕೇಳಿದಳು.
ಪುತಳಿ ಬೆರಳಿನ ಕೆಸರನ್ನು ಹೊಳೆಗೇ ತೊಳೆದು ಕೊಟ್ಟು,
"ಮೊದ್ಲು ಒಂದಿನ ನನ್ ಸಂಗ್ತಿಗೆ ಹೆಕ್ಕೂಕೆ ಬಾ.
ಆಮೇಲೆ ಹೇಳ್ತೆ."