ಹೆಪ್ಪುಗಡಲ ಮೇಲೆ ಏಳು ಕಿಲೋಮೀಟರು

ಬೆಳಿಗ್ಗೆ ಐದು. ಮೈನಸ್ ಇಪ್ಪತ್ತಾರು.
ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದೆ
ಬ್ರೆಡ್ಡು ಕುಯ್ಯುವ ಚಾಕುವಿನಲ್ಲಿ.
ಬೇಲಿಯಾಚೆ ತೌನೋನ ಕಾರು ಕೆಮ್ಮಿತು,
ಮತ್ತೆ ಕೆಮ್ಮಿತು, ಬಿಕ್ಕಳಿಸಿ ಸುಮ್ಮನಾಯಿತು.

ಹನ್ನೊಂದು ವರ್ಷದಿಂದ ನಮಗೆ ಮಾತಿಲ್ಲ.
ಗಡಿಯ ಮೇಲೊಂದು ಬರ್ಚ್ ಮರವಿತ್ತು.
ಅದರ ನೆರಳು ಅವನ ಆಲೂಗಡ್ಡೆ ಪಾತಿಗೆ,
ಅದರ ಎಲೆಯ ಸದ್ದು ನನ್ನ ಅಡುಗೆಮನೆ ಕಿಟಕಿಗೆ.
ನಾನು ತಂಗಿಯ ಮಗಳ ಮದುವೆಗೆ ಹೋಗಿ ಬರುವಷ್ಟರಲ್ಲಿ
ಬುಡ ಮಾತ್ರ ಉಳಿದಿತ್ತು, ಹಸಿಹಸಿಯಾಗಿ,
ಊಟಕ್ಕೆ ಇಟ್ಟ ತಟ್ಟೆಯ ಹಾಗೆ.
ಅಷ್ಟೇ. ಅಂಥ ದೊಡ್ಡ ಕತೆಯೇನಲ್ಲ.

ಎರಡು ಸಲ ಹಾರ್ನ್ ಮಾಡಿದೆ.
ಹಾರ್ನ್ ಮಾತಲ್ಲವಲ್ಲ.
ಬಂದು ಕೂತ, ಬುತ್ತಿ ಡಬ್ಬಿ ತೊಡೆಯ ಮೇಲೆ,
ಬೂಟಿನ ಹಿಮವನ್ನು ಹೊರಗೇ ಕೊಡವಿ.
ಅಷ್ಟು ಮರ್ಯಾದೆ ಇನ್ನೂ ಉಳಿಸಿಕೊಂಡಿದ್ದ.

ದ್ವೀಪದ ರಸ್ತೆ ಮುಗಿಯುವಲ್ಲಿ ಬೋತ್ನಿಯಾ ಕೊಲ್ಲಿ.
ಈ ಕಡಲಿಗೆ ಯಾರು ಹೆಪ್ಪು ಹಾಕುತ್ತಾರೋ,
ಡಿಸೆಂಬರಿನ ಯಾವ ರಾತ್ರಿ!
ಅದರ ಮೇಲೆ ದಾರಿ, ನಿನ್ನೆಯಷ್ಟೇ ತೆರೆದದ್ದು.
ಫಲಕ ಹೇಳುತ್ತದೆ: ಮೂರು ಟನ್ನಿಗಿಂತ ಹೆಚ್ಚು ಬೇಡ.
ಮುಂದಿನ ಗಾಡಿಗೂ ನಿನಗೂ ಐವತ್ತು ಮೀಟರು.
ನಿಲ್ಲಿಸಬೇಡ. ಹಿಂದಿಕ್ಕಬೇಡ.
ನೆಲದ ಮೇಲೆ ಕಟ್ಟಿಕೊಳ್ಳದವರಿಗೆ ದಂಡ ಹಾಕುವ ಸರ್ಕಾರವೇ
ಇಲ್ಲಿ ಕಟ್ಟಿಕೊಂಡವರನ್ನು ಬೈಯುತ್ತದೆ.
ತೌನೋನ ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ ಹಾಗೇ ಇತ್ತು.

"ಬೆಲ್ಟ್ ಬಿಚ್ಚು," ಅಂದೆ.

ಹನ್ನೊಂದು ವರ್ಷ ಮಸೆದಿಟ್ಟ ಮಾತುಗಳಿದ್ದವು ನನ್ನಲ್ಲಿ,
ಒಂದೊಂದೂ ಗರಗಸದ ಹಲ್ಲು.
ಬಾಯಿಗೆ ಬಂದದ್ದು ಇದು.

ಕ್ಲಿಕ್.

ಕಿಟಕಿ ಅರ್ಧ ಇಳಿಸಿ, ಮುಖ ಕೊಯ್ಯುವ ಗಾಳಿಯಲ್ಲಿ
ಗಂಟೆಗೆ ಮೂವತ್ತು.
ಜೋರು ಹೋದರೆ ಕೆಳಗೆ ಅಲೆ ಏಳುತ್ತದೆ,
ನಿನಗಿಂತ ಮೊದಲೇ ಓಡಿ ದಡದ ಹತ್ತಿರ ಕಾಯುತ್ತದೆ,
ಅನ್ನುತ್ತಿದ್ದ ಅಪ್ಪ.
ನಮ್ಮಡಿಗೆ ಮಂಜುಗಡ್ಡೆ ಒಂದು ಮೊಳ, ಮೇಲೆ ನಾಲ್ಕು ಬೆರಳು.
ಅದರಡಿಗೆ ನೀರು, ಐದಾಳು ಆಳ.
ಗುರುತಿಗೆ ನೆಟ್ಟ ಕೊಂಬೆಗಳು ದೀಪಕ್ಕೆ ಎದ್ದೆದ್ದು ಬಂದವು,
ಬೇರಿಲ್ಲದ ಸಾಲುಮರಗಳು.
ಒಂದರ ತೊಗಟೆ ಬಿಳಿ.
ಇಬ್ಬರೂ ನೋಡಿದೆವು.
ನೋಡಿಲ್ಲವೆಂಬಂತೆ ಇಬ್ಬರೂ ಮುಂದೆ ನೋಡಿದೆವು.

ನಟ್ಟನಡುವೆ ಅದು ಕೂಗಿತು.
ಯಾರೋ ಮೈಲುಗಟ್ಟಲೆ ಉದ್ದದ ತಂತಿಯನ್ನು ಮೀಟಿ ಬಿಟ್ಟಂತೆ
ನಮ್ಮ ಪಾದದಡಿಯೇ ಹಾದು ಕತ್ತಲಿಗೆ ಓಡಿತು ಸದ್ದು.
ಅವನ ಕೈ ಬಾಗಿಲ ಹಿಡಿಗೆ ಹೋಯಿತು.
ಬ್ರೇಕು ಒತ್ತಬಾರದು. ಒತ್ತಲಿಲ್ಲ.
ಬುತ್ತಿಯ ಡಬ್ಬಿ ಮಾತ್ರ ಗಡಗಡ.

"ಕೂಗಿದರೆ ಭಯವಿಲ್ಲ," ಅಂದ, ಸ್ವಲ್ಪ ಹೊತ್ತಿಗೆ.
"ಗಟ್ಟಿಯಾಗುತ್ತಿದೆ ಅಂತ.
ಸುಮ್ಮನಿದ್ದರೆ ಹೆದರಬೇಕು."

ಹೇಳುವವನನ್ನು ನೋಡಿ!
ನಗು ಬಂತು, ನುಂಗಿದೆ.
ಮೂಗು ಸೋರುತ್ತಿತ್ತು, ಚಳಿಗೆ.

ದಡ ಹತ್ತಿದರೂ ಇಬ್ಬರೂ ಪಟ್ಟಿ ಕಟ್ಟಿಕೊಳ್ಳಲಿಲ್ಲ.
ಕಾರು ಕುಂಯ್ ಕುಂಯ್ ಅನ್ನುತ್ತಲೇ ಇತ್ತು
ಪೆಟ್ರೋಲ್ ಬಂಕಿನವರೆಗೆ, ಶಾಲೆಯವರೆಗೆ,
ಆಸ್ಪತ್ರೆಯ ಹಿಂಬಾಗಿಲಿನವರೆಗೆ.
ಅಲ್ಲಿ ನನಗೆ ದಿನಕ್ಕೆ ನಾನೂರು ಹಾಸು ಒಗೆದು ಮಡಿಸುವ ಕೆಲಸ.
ಅವನ ಗೋದಾಮು ಎರಡು ಬೀದಿಯಾಚೆ.

"ಸಂಜೆ ಎಷ್ಟಕ್ಕೆ, ಹೆಲ್ವಿ?"
ಬಾಯಿ ತೆರೆಯದೆ ಕೈ ಎತ್ತಿದೆ, ನಾಲ್ಕು ಬೆರಳು ತೋರಿಸಿ.
ಒಳಗೆ ಬಂದ ಮೇಲೆ ಹೊಳೆಯಿತು,
ನನ್ನದು ಬೆರಳಿಲ್ಲದ ಉಣ್ಣೆಯ ಚೀಲಗವಸು;
ಅವನಿಗೆ ಕಂಡಿದ್ದು ಒಂದು ಕೆಂಪು ಉಂಡೆ.

ನಾಲ್ಕಕ್ಕೆ ಹೊರಗೆ ಬಂದರೆ
ಕಾರಿನ ಗಾಜು ಯಾರೋ ಕೆರೆದಿದ್ದರು, ನಾಲ್ಕೂ ಕಡೆ, ಅಂಚು ಬಿಡದೆ.
ಎರಡರಿಂದಲೂ ಇಲ್ಲೇ ಇದ್ದಾನೆ, ಅಂದ ಕಾವಲಿನ ಹುಡುಗ.
ಮೀಸೆಯ ಮೇಲೆ ಹಿಮ ಹೊತ್ತು
ಗೋಡೆಗೊರಗಿ ನಿಂತಿದ್ದ ತೌನೋ,
ಬೂಟಿನ ತುದಿಯನ್ನೇ ನೋಡುತ್ತ.